ನಡುವಿನ ರೆಸಿಸ್ಟರ್

ಆ ಒಂದು ಲೆಕ್ಕ ತಪ್ಪಿದ್ದಕ್ಕೆ ನಾನು ತೆತ್ತ ಬೆಲೆ ರಾಂಜಣಗಾಂವದ ಕಾರಖಾನೆಯ ಗುತ್ತಿಗೆ. ವೈರಿಂಗ್ ಗುತ್ತಿಗೆ ನಿಮಗೇ ಕೊಡುತ್ತೇವೆ, ಆದರೆ ಸೂಪರ್‌ವೈಸರ್ ಲೈಸೆನ್ಸೂ ನಿಮ್ಮ ಹೆಸರಿನಲ್ಲೇ ಇರಬೇಕು ಎಂದಿದ್ದರು ಅಲ್ಲಿಯವರು. ಅಷ್ಟು ವರ್ಷ ನಾನು ಬೇರೊಬ್ಬರ ಲೈಸೆನ್ಸಿನ ಕೆಳಗೆ ದುಡಿದವನು. ಕೆಲಸ ನಂದು, ಸಹಿ ಅವರದು. ಲೈಸೆನ್ಸಿನ ಪರೀಕ್ಷೆ ಪಾಸಾಗದಿದ್ದರೆ ಕೈಕಾಲು ನಡೆಯುವವರೆಗೂ ಅದೇ ಗತಿ.

ಚಿಂಚವಾಡದ ನಮ್ಮ ಅಡುಗೆಮನೆಯಲ್ಲಿ ಪಾಠ ಹೇಳಿದವಳು ಮಗಳು, ಹನ್ನೆರಡನೆಯ ಸೈನ್ಸು. ರೆಸಿಸ್ಟರುಗಳ ಜಾಲವನ್ನು ಕೂಡಿಸುತ್ತ ಕೂಡಿಸುತ್ತ ಕೊನೆಗೆ ಒಂದೇ ರೆಸಿಸ್ಟರಿಗೆ ಇಳಿಸಬೇಕು. ನಾನೋ, ಚಿತ್ರದಲ್ಲಿ ಪಕ್ಕಪಕ್ಕ ಕಂಡದ್ದನ್ನೆಲ್ಲ ಪ್ಯಾರಲಲ್ ಎನ್ನುತ್ತಿದ್ದೆ.

"ಅಪ್ಪಾ, ಕಾತ್ರಜದಾಗ ಬಸ್ ಹತ್ತಿ ಬಾಜೂಕ ಕುಂತಾಕಿ ನಿನಗ ಬೀಗತಿ ಆಗ್ತಾಳೇನು? ಇಬ್ರೂ ಒಂದ ಕಡೆ ಹತ್ತಿ ಒಂದ ಕಡೆ ಇಳದ್ರ ಅಷ್ಟ ಪ್ಯಾರಲಲ್."

"ನಿಮ್ಮಪ್ಪಗ ಬಾಜೂಕ ಕುಂತವರೆಲ್ಲಾ ಗಿರಾಕಿನ," ಎಂದಳು ಒಲೆ ಮುಂದಿದ್ದ ಹೆಂಡತಿ.

ಆಮೇಲೆ ಸೇತುವೆಯಂಥ ಜಾಲ ಬಂತು: ಎರಡು ದಾರಿ, ಒಂದೊಂದರಲ್ಲಿ ಎರಡೆರಡು ರೆಸಿಸ್ಟರು, ಎರಡೂ ದಾರಿಯ ನಡುವನ್ನು ಜೋಡಿಸುವ ಐದನೆಯದು. ಅದರ ಎರಡೂ ತುದಿಗೆ ವೋಲ್ಟೇಜ್ ಸಮ ಇದ್ದರೆ ಅದರಲ್ಲಿ ಕರೆಂಟ್ ಹರಿಯುವುದಿಲ್ಲ, ತೆಗೆದು ಒಗಿ ಎಂದಳು ಮಗಳು. ಇದು ಮಾತ್ರ ಥಟ್ಟನೆ ತಲೆಗೆ ಹತ್ತಿತು. ಎರಡು ಪೇಟೆಯಲ್ಲಿ ಒಂದೇ ದರವಿದ್ದರೆ ನಡುವೆ ದಲ್ಲಾಳಿಗೇನು ಕೆಲಸ? ಮಾಲು ಕೊಳ್ಳುವಾಗ ದಲ್ಲಾಳಿಗಳನ್ನು ಕಿತ್ತೊಗೆದೇ ಮೇಲೆ ಬಂದವನು ನಾನು.

ಮೌಖಿಕ ಪರೀಕ್ಷೆಯಲ್ಲಿ ಅದೇ ಚಿತ್ರ. ಒಂದು ದಾರಿಯಲ್ಲಿ ಎರಡು ಓಮ್, ಆಮೇಲೆ ನಾಲ್ಕು. ಇನ್ನೊಂದರಲ್ಲಿ ನಾಲ್ಕು, ಆಮೇಲೆ ಎರಡು. ಎರಡೂ ಕಡೆ ಆರು! ನಡುವಿನದನ್ನು ಹೊಡೆದುಹಾಕಿ "ಮೂರು ಓಮ್, ಸಾಹೇಬ್" ಎಂದೆ.

ಪರೀಕ್ಷೆ ಮಾಡುವ ಸಾಹೇಬರು ಕನ್ನಡಕ ಇಳಿಸಿ "ನಕ್ಕಿ ಕಾ?" ಎಂದರು. ಖಾತ್ರಿಯೇ ಎಂದು.

ಎದುರಿನವನು ಹೀಗೆ ಕೇಳಿದಾಗ ಅಲುಗಾಡಿದರೆ ವ್ಯಾಪಾರ ಕೆಟ್ಟಿತು. "ನಕ್ಕಿ." ಮತ್ತೆ ಕೇಳಿದರು, ಈ ಸಲ ಮೆತ್ತಗೆ. ದನಿ ಮೆತ್ತಗಾದರೆ ಸೌದಾ ಕುದುರಿದ ಹಾಗೆ ಎಂಬುದು ನನ್ನ ಅನುಭವ. "ಏಕದಮ್ ನಕ್ಕಿ!" ಅವರು ಉಸಿರು ಬಿಟ್ಟು ಹಾಳೆ ಮಗುಚಿಟ್ಟರು.

ಲೋಕಲ್ ಗಾಡಿಯಲ್ಲಿ ನಿಂತು ಅಂಗೈ ಮೇಲೆ ಗೀಚಿದಾಗ ತಿಳಿಯಿತು. ಕೊನೆಯ ಮೊತ್ತ ಒಂದೇ, ನಡುದಾರಿಯ ದರ ಬೇರೆ. ಒಂದು ಕಡೆ ಅಲ್ಲಿಗೆ ಮೂರನೇ ಒಂದು ಭಾಗ ವೋಲ್ಟೇಜ್ ಇಳಿದಿತ್ತು, ಇನ್ನೊಂದು ಕಡೆ ಮೂರನೇ ಎರಡು ಭಾಗ. ದಲ್ಲಾಳಿಗೆ ಕೈತುಂಬ ಕೆಲಸವಿತ್ತು. ಚಿಂಚವಾಡ ಬಂದರೂ ಇಳಿಯುವ ಧೈರ್ಯವಾಗದೆ ಮುಂದಿನ ಸ್ಟೇಷನ್ನಿನವರೆಗೆ ಹೋದೆ. ಮನೆಯಲ್ಲಿ ಇಬ್ಬರೂ ಕಾಯುತ್ತಿದ್ದರು.

ಗುತ್ತಿಗೆ ಲೈಸೆನ್ಸ್ ಇದ್ದ ಬೇರೊಬ್ಬನಿಗೆ ಹೋಯಿತು. ಇವತ್ತು ಅದೇ ಕಾರಖಾನೆಯಲ್ಲಿ ನಾನು ತಂತಿ ಎಳೆಯುತ್ತೇನೆ, ಸಹಿ ಅವನು ಹಾಕುತ್ತಾನೆ.

ನೀವು ಈ ಲೆಕ್ಕಕ್ಕೆ ಕೂತರೆ ಮೊದಲು ನಡುವೆ ರೆಸಿಸ್ಟರಿಲ್ಲದೆ ಬರೀ ತಂತಿಯಿಂದ ಕೂಡಿದ ಜಾಗಗಳಿಗೆಲ್ಲ ಒಂದೇ ಬಣ್ಣ ಹಚ್ಚಿರಿ, ಅವೆಲ್ಲ ಒಂದೇ ಬಸ್ ಸ್ಟಾಪ್ ಇದ್ದ ಹಾಗೆ. ನಡುವಿನದನ್ನು ತೆಗೆಯುವ ಮುಂಚೆ ಮೊತ್ತ ನೋಡಬೇಡಿ, ಎರಡೂ ಕಡೆಯ ಅನುಪಾತ ನೋಡಿ. ಮತ್ತೆ, ಪರೀಕ್ಷೆ ಮಾಡುವವರು ಖಾತ್ರಿಯೇ ಎಂದು ಎರಡನೇ ಸಲ ಕೇಳಿದರೆ, ಅದು ಚೌಕಾಸಿ ಅಲ್ಲರೀ. ಪೆನ್ನು ತಗೊಳ್ರಿ.