ಮಾರ್ಕಂಡೇಯನ ದೊಡ್ಡ ಚಕ್ರಗಳು

ಸಿಟ್ಟು ಬಂದರೆ ನನಗೆ ಮೊದಲು ಕಿವಿ ಬಿಸಿಯಾಗುತ್ತದೆ. ಮಾರ್ಕಂಡೇಯನ ಕಾರಿನ ಸುದ್ದಿ ಎತ್ತಿದರೆ ಇವತ್ತಿಗೂ ಹಾಗೇ. ಮಖ್ತಲ್‌ನಲ್ಲಿ ಇಪ್ಪತ್ತು ವರ್ಷದಿಂದ ಟೈರ್ ಅಂಗಡಿ ನಡೆಸುವ ತಾಯಣ್ಣ ನಾನು. ಆ ದೊಡ್ಡ ಚಕ್ರಗಳನ್ನು ನನ್ನ ಕೈಯಾರೆ ಹಾಕಿಕೊಟ್ಟೆನಲ್ಲ!

ಮಾರ್ಕಂಡೇಯ ನಾರಾಯಣಪೇಟೆಯ ನೇಕಾರ, ನನ್ನ ಬಾಲ್ಯದ ಗೆಳೆಯ. ಅವನ ಸೀರೆಯ ಅಂಚಿನಲ್ಲಿ ಒಂದು ಎಳೆ ಆಚೀಚೆಯಾದದ್ದನ್ನು ನಾನು ಕಂಡಿಲ್ಲ. ಆಗಷ್ಟೇ ನಾರಾಯಣಪೇಟೆ ಜಿಲ್ಲೆಯಾಗಿತ್ತು. ಅವನ ಮನೆಗೂ ಹಳೆಯದೊಂದು ಸಣ್ಣ ಕಾರು ಬಂದಿತ್ತು. ಅದರಲ್ಲಿ ಗದ್ವಾಲಕ್ಕೆ ಹೋದಾಗ ಮಗಳು ರಜಿನಿಯ ಮಾವ ಪೆದ್ದಯ್ಯ, ‘ಬೀಗರ ಕಾರು ಆಟದ ಸಾಮಾನು ಇದ್ದಂಗ ಐತಿ’ ಎಂದು ನಕ್ಕನಂತೆ. ಆ ಮಾತು ಇವನ ಎದೆಗೆ ನಾಟಿತು. ರಜಿನಿಗೆ ಏಳು ತಿಂಗಳು ತುಂಬಿ, ಹೆರಿಗೆಗೆ ತವರಿಗೆ ಕರೆತರುವ ದಿನ ಹತ್ತಿರ ಬಂದಾಗ ಹೈದರಾಬಾದಿನಿಂದ ಅಗಲವಾದ ನಾಲ್ಕು ಅಲಾಯ್ ಚಕ್ರ, ಅವಕ್ಕೊಪ್ಪುವ ಟೈರು ತಂದು ನನ್ನ ಅಂಗಡಿ ಮುಂದೆ ಇಳಿಸಿದ.

‘ಇವು ನಿನ್ನ ಕಾರಿಗೆ ಆಗೂದಿಲ್ಲೋ ಮಾರಾಯಾ. ಹಿಂದ ಮಂದಿ ಕುಂತ್ರ ಮಡ್‌ಗಾರ್ಡಿಗೆ ತಿಕ್ಕತಾವ’ ಎಂದೆ.

‘ನೀ ಹಾಕು. ನಾ ಅಳೀತೀನಿ.’

ಹಾಕಿದೆ. ಅವನು ಜೇಬಿನಿಂದ ರೇಷ್ಮೆ ಎಳೆ ತೆಗೆದು, ಮಂಡಿಯೂರಿ, ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಸಂದು ಅಳೆದ. ನಾಲ್ಕೂ ಕಡೆ ಎರಡೆರಡು ಬೆರಳು. ಅಷ್ಟಕ್ಕೇ ತೃಪ್ತಿಯಾಗಿ, ಇಟ್ಟುಕೋ ಎಂದು ನಾನು ಬಡಿದುಕೊಂಡರೂ ಕೇಳದೆ, ಹಳೆಯ ಚಕ್ರಗಳನ್ನು ಅಂದೇ ಮಾರಿಬಿಟ್ಟ.

‘ಇದು ಮಗ್ಗ ಅಲ್ಲಪ್ಪಾ! ಮಗ್ಗದ ಮ್ಯಾಲ ಮಂದಿ ಕೂಡಂಗಿಲ್ಲ, ಕಾರಿನಾಗ ಕೂಡತಾರ. ಹಿಂದ ಮೂರು ಮಂದಿನ್ನ ಕುಂದರಿಸಿ ಒಂದು ಸುತ್ತು ಹೊಡದು ನೋಡೂಣು.’

‘ಬ್ಯಾಡ. ಆ ಸೀಟಿನಾಗ ಮೊದಲು ನನ್ನ ಮಗಳೇ ಕೂಡಬೇಕು.’

ಅವರ ಮನೆಯ ಪದ್ಧತಿ ಅದು. ಹೊಸ ಮಗ್ಗ ಹೂಡಿದರೆ ಮೊದಲ ಸೀರೆ ಮನೆಮಗಳಿಗೆ. ಅವಳು ಉಡುವ ತನಕ ಬೇರೆ ಯಾರೂ ಹೆಗಲಿಗೂ ಹಾಕಿ ನೋಡುವಂತಿಲ್ಲ. ಸೀರೆಗೆ ಸರಿ, ಟೈರಿಗೆ ಯಾವ ಮಣ್ಣಿನ ಪದ್ಧತಿ? ಬಾಯಿ ನೋಯುವಷ್ಟು ಹೇಳಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಹೆಂಡತಿ ತಿರುಪತಮ್ಮನನ್ನೂ ಆ ಸೀಟಿಗೆ ಹತ್ತಿಸದೆ ಹಿಂದಿನ ದಿನವೇ ಬಸ್ಸಿನಲ್ಲಿ ಗದ್ವಾಲಕ್ಕೆ ಕಳಿಸಿದ.

ಮರುದಿನ ಮಖ್ತಲ್‌ನಲ್ಲಿ ನನ್ನನ್ನು ಮುಂದಿನ ಸೀಟಿಗೆ ಹತ್ತಿಸಿಕೊಂಡ. ಜೂರಾಲ ಅಣೆಕಟ್ಟು ದಾಟಿದರೂ ಒಂದು ಸಪ್ಪಳವಿಲ್ಲ. ‘ನೋಡಿದ್ಯಾ? ಎಳಿ ಸುಳ್ಳು ಹೇಳಂಗಿಲ್ಲ’ ಎಂದು ಮೀಸೆ ತಿರುವಿದ. ನಾಚಿಕೆ ಬಿಟ್ಟು ಹೇಳುತ್ತೇನೆ, ಅವನ ಲೆಕ್ಕ ಸರಿ ಇರಬಹುದೇನೋ ಎಂದು ನನಗೂ ಅನ್ನಿಸಿತು.

ಗದ್ವಾಲದಲ್ಲಿ ಪೆದ್ದಯ್ಯ ಕಾರಿನ ಸುತ್ತ ಬಂದು, ‘ಭಾರಿ ಮಾಡೀರಿ ಬೀಗರೇ’ ಎಂದ. ಮಾರ್ಕಂಡೇಯನ ಮುಖ ನೋಡಬೇಕಿತ್ತು! ಆರತಿಯಾಯಿತು. ರಜಿನಿ ಹಿಂದೆ ಕೂತಳು, ಪಕ್ಕದಲ್ಲಿ ತಾಯಿ, ಡಿಕ್ಕಿಯಲ್ಲಿ ಹಣ್ಣಿನ ಬುಟ್ಟಿ, ಬಟ್ಟೆಯ ಗಂಟು. ಭಾರಕ್ಕೆ ಕಾರು ಹಿಂದೆ ಕುಸಿಯಿತು. ಓಣಿಯ ಹಂಪ್ ಹತ್ತಿ ಇಳಿದದ್ದೇ ತಡ, ಟೈರು ಕರ್ರೆಂದು ಮಡ್‌ಗಾರ್ಡಿಗೆ ತಿಕ್ಕಿತು. ಮುಂದಿನ ಕುಣಿಗೆ ಕಾರು ಧಡ್ಡೆಂದಿತು. ರಬ್ಬರು ಸುಟ್ಟ ವಾಸನೆ.

‘ಅಪ್ಪಾ, ನಿಲ್ಲಸು’ ಎಂದು ರಜಿನಿ ಹೊಟ್ಟೆ ಹಿಡಿದುಕೊಂಡಳು.

ಪೆದ್ದಯ್ಯ ಓಡಿಬಂದು ಬಗ್ಗಿ ನೋಡಿದ. ‘ಇದರಾಗ ನನ್ನ ಸೊಸಿನ್ನ ಕಳಸಂಗಿಲ್ಲರಿ. ನನ್ನ ಕಾರು ಐತಿ, ಅದರಾಗ ಹೋಗ್ಲಿ’ ಎಂದ.

ಮಾರ್ಕಂಡೇಯ ತಲೆ ಎತ್ತಲಿಲ್ಲ. ರಜಿನಿ ಅಪ್ಪನ ಮುಖ ನೋಡಿದಳು, ಆಮೇಲೆ ಮೆಲ್ಲಗೆ ಕೆಳಗಿಳಿದಳು. ‘ಬ್ಯಾಡ್ರಿ ಮಾವ. ನಾ ಅವ್ವನ ಕೂಡ ಬಸ್ಸಿಗೆ ಹೋಗತೀನಿ’ ಎಂದಳು. ಹೊಟ್ಟೆ ಹೊತ್ತ ಹುಡುಗಿ, ಅಪ್ಪನ ಮಾನ ಉಳಿಸಲು ಬಸ್ಸಿನ ಮೆಟ್ಟಿಲು ಹತ್ತಿದಳು!

ಬಸ್ಸಿನ ಹಿಂದೆ ನಾವಿಬ್ಬರು. ಕುಣಿ ಬಂತು, ಹಂಪ್ ಬಂತು. ಹಿಂದಿನ ಸೀಟು ಖಾಲಿಯಿದ್ದ ಕಾರು ಎಲ್ಲಿಯೂ ತಿಕ್ಕಲಿಲ್ಲ. ನನ್ನ ಕಿವಿ ಕಾದ ಹೆಂಚಾಗಿತ್ತು. ಚೆನ್ನಾಗಿ ಬೈಯಬೇಕೆಂದು ಅವನ ಕಡೆ ತಿರುಗಿದೆ. ಮಾರ್ಕಂಡೇಯ ಅಳುತ್ತಿದ್ದ.

‘ತಾಯಣ್ಣಾ, ಈಗ ಒಂದು ಸಪ್ಪಳಿಲ್ಲ ನೋಡು’ ಎಂದ.