‘ಗೊತ್ತಿಲ್ಲ’ ಎಂಬ ಮೊಳೆ

ಸಾಗರದ ನಮ್ಮ ಬಸ್ ಕಂಪನಿಯ ಆಫೀಸಿನಲ್ಲಿ ಗೋಡೆಯುದ್ದಕ್ಕೂ ಒಂದು ಹಲಗೆ ಇತ್ತು. ಅದರ ಮುಂದೆ ಸ್ಟೂಲು ಹಾಕಿಕೊಂಡು ಜಟ್ಟಿಂಗಪ್ಪ ಕೂತಿರುತ್ತಿದ್ದ. ಪಕ್ಕದ ಕಿಟಕಿಯಲ್ಲಿ ಟಿಕೆಟ್ ಕೊಡುತ್ತಿದ್ದ ಪುಟ್ಟಣ್ಣ ನಾನು. ಅಂಥ ಹಟಮಾರಿಯ ಮಗ್ಗುಲಲ್ಲಿ ವರ್ಷಗಟ್ಟಲೆ ಕೂತು ಕೆಲಸ ಮಾಡಿದ್ದಕ್ಕೆ ಕಂಪನಿ ನನಗೊಂದು ಪದಕ ಕೊಡಬೇಕಿತ್ತು. ಕೊಡಲಿಲ್ಲ, ಹೋಗಲಿ ಬಿಡಿ.

ಜಟ್ಟಿಂಗಪ್ಪ ರಿಪ್ಪನ್‌ಪೇಟೆ ಕಡೆಯವನು. ಎರಡನೇ ಮಹಾಯುದ್ಧದ ಕಾಲದಲ್ಲಿ, ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದಾಗ, ಹಿಂದುಗಡೆ ಬೆಂಕಿ ಮಾಡುವ ಕ್ಲೀನರಾಗಿ ಸೇರಿ ಆಮೇಲೆ ಡ್ರೈವರಾದವನು. ವಯಸ್ಸು ನಲವತ್ತೈದು ದಾಟುವ ಹೊತ್ತಿಗೆ ಸಂಜೆಯ ರಸ್ತೆ ಅವನಿಗೆ ಮಸುಕಾಗತೊಡಗಿತು. ಬೇರೆಯವರಾದರೆ ಇನ್ನೆರಡು ವರ್ಷ ಮುಚ್ಚಿಟ್ಟುಕೊಂಡು ಗಾಡಿ ಓಡಿಸುತ್ತಿದ್ದರು. ಇವನು ನೆಟ್ಟಗೆ ಧಣಿ ಸೀತಾರಾಮಪ್ಪನವರ ಎದುರು ಹೋಗಿ ನಿಂತು, “ಕತ್ತಲಾದ್ರೆ ನಂಗೆ ಕಾಣಲ್ಲ ಧಣಿ. ಇನ್ನು ಬಸ್ಸು ಮುಟ್ಟಲ್ಲ” ಅಂದ. ಧಣಿಗಳು ಅವನನ್ನು ಮನೆಗೆ ಕಳಿಸಲಿಲ್ಲ. ಆಫೀಸಿನಲ್ಲೇ ಏನಾದರೂ ಕೆಲಸ ಮಾಡಿಕೊಂಡಿರು ಅಂದರು.

ಅದೇ ವರ್ಷ, ಅಂದರೆ ಅರವತ್ತಮೂರರಲ್ಲಿ, ಧಣಿಗಳು ಬೆಂಗಳೂರಿಗೆ ಹೋಗಿ ಯಾವುದೋ ದೊಡ್ಡ ಲಾರಿ ಕಂಪನಿಯ ಆಫೀಸು ನೋಡಿ ಬಂದಿದ್ದರು. ಅಲ್ಲಿ ಗೋಡೆ ನೋಡಿದರೆ ಸಾಕು, ಯಾವ ಲಾರಿ ಯಾವ ಊರಿನಲ್ಲಿದೆ ಎಂದು ತಿಳಿಯುತ್ತಿತ್ತಂತೆ. ಬಂದವರೇ ಬಡಗಿ ಕನ್ನಪ್ಪನಿಂದ ಹಲಗೆ ಮಾಡಿಸಿದರು. ಸಾಗರ, ರಿಪ್ಪನ್‌ಪೇಟೆ, ಹೊಸನಗರ, ನಿಟ್ಟೂರು, ತೀರ್ಥಹಳ್ಳಿ ಎಂದು ಊರುಗಳ ಹೆಸರು, ಹೆಸರಿನ ಕೆಳಗೆ ಮೊಳೆಗಳು. ಒಂದೊಂದು ಬಸ್ಸಿಗೆ ನಂಬರು ಬರೆದ ಒಂದೊಂದು ತಗಡಿನ ಬಿಲ್ಲೆ. ಫೋನಿರುವ ಊರಿನಿಂದ ಏಜೆಂಟರು ಫೋನು ಮಾಡಿ, ಫೋನಿಲ್ಲದ ಕಡೆಯ ಸುದ್ದಿಯನ್ನು ಎದುರು ಬಸ್ಸಿನ ಡ್ರೈವರು ತಂದು ಹೇಳಿದ ಹಾಗೆ ಬಿಲ್ಲೆಯನ್ನು ಊರಿಂದ ಊರಿಗೆ ಬದಲಾಯಿಸಬೇಕು.

ಮೊದಲ ತಿಂಗಳು ಆ ಹಲಗೆಯನ್ನು ನೋಡಲು ಎರಡು ಕಣ್ಣು ಸಾಲದು. ನಮ್ಮ ಒಂದು ಬಸ್ಸೂ ತಡವಾಗುತ್ತಿರಲಿಲ್ಲ! ಆಗುವುದಾದರೂ ಹೇಗೆ, ಏಜೆಂಟರೆಲ್ಲ ರಸ್ತೆ ನೋಡದೆ ಗಡಿಯಾರ ನೋಡಿ ಫೋನು ಮಾಡುತ್ತಿದ್ದರು. ಅವರನ್ನು ಬೈದು ಫಲವಿಲ್ಲ. ನಮ್ಮ ಕಡೆ ‘ಗೊತ್ತಿಲ್ಲ’ ಅನ್ನುವುದು ಮರ್ಯಾದೆಯ ಮಾತಲ್ಲ. ದಾರಿ ಕೇಳಿದವನಿಗೆ, ನಮಗೆ ತಿಳಿಯದಿದ್ದರೂ, ಯಾವುದೋ ಒಂದು ದಾರಿ ತೋರಿಸಿಯೇ ಕಳಿಸುವವರು ನಾವು. ಒಂದು ದಿನ ಧಣಿಗಳು ನೆಂಟರೊಬ್ಬರನ್ನು ಹಲಗೆಯ ಮುಂದೆ ನಿಲ್ಲಿಸಿ, “ನೋಡಿ, ನಮ್ಮ ಮೂರನೇ ನಂಬರು ಈಗ ಹೊಸನಗರದಲ್ಲಿದೆ” ಎಂದು ಎದೆಯುಬ್ಬಿಸಿದರು. ನೆಂಟರು ಕೈತೊಳೆಯಲು ಹಿಂದಕ್ಕೆ ಹೋದರೆ, ಷೆಡ್ಡಿನಲ್ಲಿ ಮೂರನೇ ನಂಬರು ಚಕ್ರ ಬಿಚ್ಚಿಸಿಕೊಂಡು ಕೂತಿತ್ತು. ಆ ದಿನ ಧಣಿಗಳ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲವಂತೆ.

“ಈ ಹಲಗೆ ನಂಗೆ ಬಿಡಿ ಧಣಿ” ಎಂದು ಜಟ್ಟಿಂಗಪ್ಪ ಕೇಳಿದ್ದು ಮಾರನೆಯ ದಿನ. ಬಿಟ್ಟರು. ಇವನು ಕಟ್ಟಳೆ ಮಾಡಿದ. ಬಿಲ್ಲೆಯನ್ನು ಅವನೊಬ್ಬನ ಕೈ ಬಿಟ್ಟು ಇನ್ನಾರ ಕೈಯೂ ಮುಟ್ಟಬಾರದು. ಕಣ್ಣಾರೆ ಕಂಡವನ ಮಾತಿಗೆ ಮಾತ್ರ ಬಿಲ್ಲೆ ಜಾಗ ಬಿಡಬೇಕು. ಕಂಡವರು ಯಾರೂ ಇಲ್ಲವೋ, ಅದಕ್ಕೆ ಹಲಗೆಯ ತುದಿಯಲ್ಲಿ ತಾನೇ ಒಂದು ಮೊಳೆ ಹೊಡೆದು, ಮೇಲೆ ಕೆಂಪು ಬಣ್ಣದಲ್ಲಿ ‘ಗೊತ್ತಿಲ್ಲ’ ಎಂದು ಬರೆಸಿದ. ಆ ಮೊಳೆಗೆ ಬಿಲ್ಲೆ ಬಿತ್ತೆಂದರೆ ಷೆಡ್ಡಿನಲ್ಲಿರುವ ಸ್ಪೇರ್ ಬಸ್ಸು ಅದನ್ನು ಹುಡುಕಿಕೊಂಡು ಹೊರಡಬೇಕು. ಇದಕ್ಕೆ ಒಪ್ಪಿಸಲು ಧಣಿಗಳ ಹಿಂದೆ ಹದಿನೈದು ದಿನ ಅಲೆದ.

ಧಣಿಗಳಿಗೆ ಆ ಮೊಳೆ ಕಂಡರಾಗುತ್ತಿರಲಿಲ್ಲ. ಬಂದವರೆಲ್ಲ ಅದನ್ನೇ ಓದಿ ನಗುತ್ತಿದ್ದರು: “ನಿಮ್ಮ ಬಸ್ಸು ಎಲ್ಲಿದೆ ಅಂತ ನಿಮಗೇ ಗೊತ್ತಿಲ್ವಾ ಸೀತಾರಾಮಪ್ಪನವರೇ?” ಒಂದು ದಿನ ಅದನ್ನು ಕಿತ್ತುಹಾಕು ಅಂದರು.

“ಕೀಳ್ತೀನಿ ಧಣಿ. ಆಮೇಲೆ ಗೊತ್ತಿಲ್ದಿರೋ ಬಸ್ಸನ್ನ ಎಲ್ಲಿ ಹಾಕ್ಲಿ, ನೀವೇ ಹೇಳಿ.”

ಧಣಿಗಳು ಮೊಳೆ ಮರೆಯಾಗುವಂತೆ ಒಂದು ಕ್ಯಾಲೆಂಡರ್ ತೂಗುಹಾಕಿಸಿ ಹೋದರು. ಜಟ್ಟಿಂಗಪ್ಪ ಬೇಕಾದಾಗೆಲ್ಲ ಕ್ಯಾಲೆಂಡರಿನ ಲಕ್ಷ್ಮಿಯನ್ನು ಎತ್ತಿ ಬಿಲ್ಲೆ ಹಾಕಿ, ಲಕ್ಷ್ಮಿಯನ್ನು ಮತ್ತೆ ಇಳಿಬಿಟ್ಟು ಕೂರುತ್ತಿದ್ದ. ಕಡೆಗೆ ಕ್ಯಾಲೆಂಡರೇ ಹರಿಯಿತು. ಏಜೆಂಟರೂ ಅವನ ಬೈಗುಳಕ್ಕೆ ಹೆದರಿ ನಿಧಾನವಾಗಿ ರಸ್ತೆಗಿಳಿದು ನೋಡುವುದನ್ನು ಕಲಿತರು.

ಅರವತ್ತಾರರ ಬೇಸಿಗೆಯಲ್ಲಿ ಅವನ ಒಬ್ಬಳೇ ಮಗಳು ಪುಷ್ಪಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬರುವುದಿತ್ತು. ಅವಳನ್ನು ಕೊಟ್ಟಿದ್ದು ನಿಟ್ಟೂರಿಗೆ. ಕರೆತರಲು ಅವನ ಹೆಂಡತಿ ಗುತ್ಯಮ್ಮ ಹೋಗಿದ್ದಳು. ತಾಯಿ ಮಗಳು ಬೆಳಗಿನ ನಿಟ್ಟೂರು ಬಸ್ಸಿಗೆ ಬರುತ್ತಾರೆಂದು ಜಟ್ಟಿಂಗಪ್ಪ ಒಂದು ವಾರದಿಂದ ದಾರಿಯ ಏಜೆಂಟರಿಗೆಲ್ಲ ಹೇಳಿಟ್ಟಿದ್ದ. ಅವರು ಹೊರಡುವ ಹಿಂದಿನ ಸಂಜೆ ಗಾಳಿ ಮಳೆ ಜೋರಾಗಿ ಬಂದು ಹೊಸನಗರದ ಫೋನು ಕೆಟ್ಟಿತ್ತು. ಬಸ್ಸು ರಿಪ್ಪನ್‌ಪೇಟೆ ಮುಟ್ಟುವ ಹೊತ್ತು ಮೀರಿ ಗಂಟೆಯ ಮೇಲಾಯಿತು. ಇವನೇ ರಿಪ್ಪನ್‌ಪೇಟೆಗೆ ಫೋನು ಹಚ್ಚಿದ. ನಮ್ಮ ಫೋನು ಪಕ್ಕದಲ್ಲಿದ್ದವರಿಗೂ ಕೇಳುವ ಹಾಗೆ ಕಿರುಚುತ್ತಿತ್ತು.

“ದಾಟ್ತು ಜಟ್ಟಿಂಗಪ್ಪಣ್ಣ, ನಿಟ್ಟೂರು ಬಸ್ಸು ಆಗ್ಲೇ ದಾಟ್ತು. ಏನೂ ಯೋಚ್ನೆ ಮಾಡ್ಬೇಡ” ಅಂದ ಅಲ್ಲಿನ ಏಜೆಂಟ್ ವಿಘ್ನೇಶ್ವರ.

“ಕಣ್ಣಲ್ಲಿ ನೋಡಿದ್ಯಾ?”

ಆ ಕಡೆಯವನು ಹಿಂದಿನ ಸಂಜೆಯ ಗಾಳಿ ಮಳೆಯ ಮಾತು ತೆಗೆದ.

“ವಿಘ್ನೇಶ್ವರ, ನೋಡಿದ್ಯಾ ಇಲ್ವಾ?”

“ಬಸುರಿ ಹೆಂಗಸು ಕೂತಿರೋ ಬಸ್ಸನ್ನ ಬಂದಿಲ್ಲ ಅಂತ ಹ್ಯಾಗೆ ಹೇಳ್ಲಿ ಮಾರಾಯ? ನಂಗೆ ಬಾಯಿ ಬರ್ಲಿಲ್ಲ.”

ಕಟ್ಟಳೆಯ ಪ್ರಕಾರ ಬಿಲ್ಲೆ ಕೆಂಪು ಅಕ್ಷರದ ಕೆಳಗೆ ಹೋಗಬೇಕು. ಜಟ್ಟಿಂಗಪ್ಪ ನಿಟ್ಟೂರಿನ ಮೊಳೆಯಿಂದ ಬಿಲ್ಲೆ ತೆಗೆದವನು ಎಲ್ಲಿಗೂ ಹಾಕದೆ ಕೈಯಲ್ಲೇ ಹಿಡಿದು ಕೂತ. ಕಾರಣ ನನಗೆ ಗೊತ್ತಿತ್ತು. ಆ ದಿನ ಸ್ಪೇರ್ ಬಸ್ಸನ್ನು ಅಡಿಕೆ ಮಂಡಿಯ ಮಂಜುನಾಥಪ್ಪನವರ ಮನೆಯ ಮದುವೆ ದಿಬ್ಬಣಕ್ಕೆ ಕೊಟ್ಟಾಗಿತ್ತು. ಷೆಡ್ಡಿನಲ್ಲಿ ಮಾವಿನ ಎಲೆ ಕಟ್ಟಿಸಿಕೊಂಡು ಹೊರಡಲು ನಿಂತಿತ್ತು.

“ಹಾಕೋ ಮಾರಾಯ, ನಿಂದೇ ರೂಲು ತಾನೇ” ಅಂದೆ. ಅವನು ನನ್ನ ಕಡೆ ನೋಡಲೂ ಇಲ್ಲ. “ಧಣಿಗಳನ್ನ ಕರ್ಕೊಂಡು ಬಾ” ಅಂದ.

ಅವರ ಮನೆ ಆಫೀಸಿನ ಹಿಂದೆಯೇ. ಧಣಿಗಳು ಮದುವೆಗೆ ಹೊರಟ ರೇಷ್ಮೆ ಶಲ್ಯದಲ್ಲೇ ಬಂದರು. ನಡೆದದ್ದನ್ನು ನಾನೇ ಹೇಳಿದೆ.

“ಮತ್ತೆ ಹಾಕು ನಿನ್ನ ಮೊಳೆಗೆ. ಕೈಯಲ್ಲಿ ಹಿಡ್ಕೊಂಡು ಏನು ಜಪ ಮಾಡ್ತಾ ಇದೀಯ?”

“ನಾ ಹಾಕಿದ್ರೆ ಸ್ಪೇರ್ ಹೊರಡ್ಬೇಕು, ದಿಬ್ಬಣ ನಿಲ್ತದೆ. ಆ ಬಸ್ಸಲ್ಲಿರೋದು ನನ್ ಮಗಳು, ನನ್ ಹೆಂಡ್ತಿ. ಮಗಳಿಗೋಸ್ಕರ ಹಾಕ್ದ ಅಂತ ಒಬ್ಬ ಅಂದ್ರೂ ನಾಳೆಯಿಂದ ಈ ಹಲಗೆನ ಯಾರೂ ನಂಬಲ್ಲ. ಇವತ್ತು ಈ ಬಿಲ್ಲೆ ನಾ ಮುಟ್ಟೋದಲ್ಲ ಧಣಿ. ನೀವೇ ಹಾಕಿ, ನಿಮಗೆ ಎಲ್ಲಿ ಸರಿ ಕಾಣ್ತದೋ ಅಲ್ಲಿ.”

ಬಿಲ್ಲೆಯನ್ನು ಧಣಿಗಳ ಅಂಗೈಯಲ್ಲಿಟ್ಟು ದೂರ ಸರಿದು ನಿಂತ. ಹಲಗೆ ಬಂದು ಮೂರು ವರ್ಷವಾಗಿದ್ದರೂ ಧಣಿಗಳು ಬಿಲ್ಲೆಯೊಂದನ್ನು ಕೈಯಲ್ಲಿ ಹಿಡಿದದ್ದು ನಾನು ಕಂಡಂತೆ ಅದೇ ಮೊದಲು. ರಿಪ್ಪನ್‌ಪೇಟೆಯ ಮೊಳೆಯ ತನಕ ಕೈ ಎತ್ತಿದರು, ಇಳಿಸಿದರು. ಅಲ್ಲಿಗೆ ಹಾಕಿದ್ದರೆ ಮುಗಿಯುತ್ತಿತ್ತು. ಏಜೆಂಟನೇ ದಾಟಿತು ಅಂದಿದ್ದಾನೆ, ದಿಬ್ಬಣ ಸುಖವಾಗಿ ಹೊರಡುತ್ತದೆ, ಯಾರೂ ಅವರನ್ನು ಕೇಳುವಂತಿಲ್ಲ. ಹೊಸನಗರದ ಕಡೆಗೂ ಕೈ ಹೋಯಿತು. “ಎಲ್ಲಿದೆಯೋ ಪುಟ್ಟಣ್ಣ, ಬಸ್ಸು?” ಎಂದು ಮೆಲ್ಲಗೆ ಕೇಳಿದರು. ಆಮೇಲೆ ಅವರು ಬಿಲ್ಲೆಯನ್ನು ‘ಗೊತ್ತಿಲ್ಲ’ ಎಂಬ ಮೊಳೆಗೆ ಹಾಕಿದರು.

ಷೆಡ್ಡಿಗೆ ಹೋಗಿ ಮಾವಿನೆಲೆಯ ಬಸ್ಸನ್ನು ತಾವೇ ಹೊರಡಿಸಿಕೊಂಡು, ಡ್ರೈವರನ ಪಕ್ಕದಲ್ಲೇ ಕೂತರು. ಅಷ್ಟರಲ್ಲಿ ಮಂಜುನಾಥಪ್ಪನವರು ಬಂದು ಅಡ್ಡ ನಿಂತು ಕೂಗಾಡಿದರು. “ನನ್ನ ಬಸ್ಸೊಂದು ಎಲ್ಲಿದೆ ಅಂತ ನನಗೆ ಗೊತ್ತಿಲ್ಲ ಸ್ವಾಮಿ. ಮೊದಲು ಅದನ್ನ ನೋಡ್ತೀನಿ” ಎಂದು ಧಣಿಗಳು ಪೇಟೆಯ ನಡುವೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ದಿಬ್ಬಣ ಮಂಡಿಯ ಲಾರಿಯಲ್ಲಿ ಜಮಖಾನ ಹಾಸಿಕೊಂಡು ಹೋಯಿತು. ಮದುವೆಯೇನೂ ನಿಲ್ಲಲಿಲ್ಲ.

ಜಟ್ಟಿಂಗಪ್ಪ ಸ್ಟೂಲಿನ ಮೇಲೆ ಕೂತು ಉಳಿದ ಬಸ್ಸುಗಳ ಬಿಲ್ಲೆ ಬದಲಾಯಿಸುತ್ತಿದ್ದ. ತೀರ್ಥಹಳ್ಳಿಯಿಂದ ಫೋನು ಬಂದಾಗ ಎಂದಿನಂತೆ “ಕಣ್ಣಲ್ಲಿ ನೋಡಿದ್ಯಾ?” ಅಂದ. ಚಹಾ ತರಿಸಿಕೊಟ್ಟೆ, ಕುಡಿಯಲಿಲ್ಲ. ನನಗೆ ಅವನ ಮೇಲೆ ಸಿಟ್ಟು, ಮರುಕ ಎರಡೂ ಒಟ್ಟಿಗೇ ಬರುತ್ತಿದ್ದವು.

ಮಧ್ಯಾಹ್ನ ಊಟದ ಹೊತ್ತು ಮೀರಿದ ಮೇಲೆ ರಿಪ್ಪನ್‌ಪೇಟೆಯಿಂದ ಧಣಿಗಳ ಫೋನು ಬಂತು.

“ಹೊಸನಗರದಿಂದ ಈ ಕಡೆ ಮೂರು ಮೈಲಿಗೆ ದೊಡ್ಡ ಮರ ಅಡ್ಡ ಬಿದ್ದಿದೆ ಕಣೋ. ಬಸ್ಸು ತಿರುಗಿಸೋಕೆ ಜಾಗ ಇಲ್ದೆ ಆ ಕಡೆ ಸಿಕ್ಕಿಹಾಕ್ಕೊಂಡಿದೆ. ಜನನೆಲ್ಲ ಈ ಕಡೆ ದಾಟಿಸಿ ಇಲ್ಲಿಗೆ ಕರ್ಕೊಂಡು ಬಂದಿದೀನಿ. ಕಣ್ಣಾರೆ ನೋಡಿದೀನಿ, ನಾನೇ! ನಿನ್ನ ಹೆಂಡ್ತಿ ಮಗಳು ಚೆನ್ನಾಗಿದಾರೆ. ತಗೋ, ಮಾತಾಡು.”

ಪುಷ್ಪಮ್ಮ ಫೋನು ಹಿಡಿದದ್ದು ಅದೇ ಮೊದಲಿರಬೇಕು, ಕೂಗಿಯೇ ಮಾತಾಡಿದಳು.

“ಅಪ್ಪಾ! ಬೆಳಗಿಂದ ಕಾಡಲ್ಲಿ ಕೂತು ಸಾಕಾಗೋಗಿತ್ತು. ಎಲ್ರೂ ಹೆದರಿದ್ರು. ನಾ ಮಾತ್ರ ಹೆದರ್ಲಿಲ್ಲ. ನಮ್ಮಪ್ಪ ಹಲಗೆ ಮುಂದೆ ಕೂತಿದಾನೆ, ಬಸ್ಸು ಕಳಿಸೇ ಕಳಿಸ್ತಾನೆ ಅಂತ ಎಲ್ರಿಗೂ ಹೇಳ್ತಿದ್ದೆ. ನೀನೇ ಕಳಿಸಿದ್ದು ಅಲ್ವಾ ಅಪ್ಪಾ?”

ಜಟ್ಟಿಂಗಪ್ಪ ಕೆಂಪು ಅಕ್ಷರದ ಕೆಳಗಿನ ಬಿಲ್ಲೆ ನೋಡಿದ. ತಡೆದು ಹೇಳಿದ.

“ಇಲ್ಲ ಮಗಾ. ನಾ ಕಳಿಸ್ಲಿಲ್ಲ. ಧಣಿಗಳು ಕಳಿಸಿದ್ದು.”

“ಹೌದಾ” ಅಂದಳು, ಈ ಸಲ ಕೂಗದೆ. ಆಮೇಲೆ ಫೋನು ಇಟ್ಟ ಸದ್ದು ಕೇಳಿಸಿತು.

ಜಟ್ಟಿಂಗಪ್ಪ ಎದ್ದುಹೋಗಿ ಬಿಲ್ಲೆಯನ್ನು ಹೊಸನಗರದ ಮೊಳೆಗೆ ಹಾಕಿ ಬಂದ. ನನಗೆ ತಡೆಯಲಾಗಲಿಲ್ಲ.

“ನಿಂಗೇನಾಗಿದೆಯೋ? ಆ ಮಗು ಅಷ್ಟು ಆಸೆಯಿಂದ ಕೇಳ್ತು. ಹೂಂ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

“ಬಾಯಿಗೆ ಬಂದಿತ್ತು ಪುಟ್ಟಣ್ಣ” ಅಂದ. “ಇಲ್ಲೀ ತನಕ ಬಂದಿತ್ತು.”

ಗಂಟಲು ಮುಟ್ಟಿ ತೋರಿಸಿದವನು, ಹೆಗಲ ಮೇಲಿನ ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡು ಅತ್ತುಬಿಟ್ಟ. ಟಿಕೆಟ್ಟಿಗೆ ಜನ ನಿಂತಿದ್ದರು. ನಾನು ಕಿಟಕಿ ಮುಚ್ಚಿದೆ.