ಒಡ್ಡಿನ ದಿಡ್ಡಿ ಮುಚ್ಚುವ ಯಿಕ್ಕೆಮಿನಾ

ಬೆಳಗಿನ ಮಂಜು ಇನ್ನೂ ಹೊಲ ಬಿಟ್ಟಿಲ್ಲ. ನಮ್ಮ ಕ್ಲೈವೆರ್ವೆಯ ಒಳ ಒಡ್ಡನ್ನು ರಸ್ತೆ ಸೀಳಿಕೊಂಡು ಹೋಗುವಲ್ಲಿ ಯಿಕ್ಕೆಮಿನಾ ಮಂಡಿಯೂರಿ ಕೂತಿದ್ದಾರೆ. ರಸ್ತೆಯ ಎರಡೂ ಬದಿಯ ಕಲ್ಲುಗೋಡೆಯ ಕಚ್ಚಿನಲ್ಲಿ ಸೇರಿಕೊಂಡ ಕೆಸರನ್ನು ಕೆರೆದು ತೆಗೆಯುತ್ತಿದ್ದಾರೆ. ಸಮುದ್ರ ಉಕ್ಕಿದ ದಿನ ಈ ಕಚ್ಚಿಗೆ ಓಕ್ ಮರದ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ದಿಡ್ಡಿ ಮುಚ್ಚುವವರು ಇವರೇ.

“ಒಂದು ಚೂರು ಕಲ್ಲು ಸಿಕ್ಕಿಕೊಂಡ್ರೂ ಹಲಗೆ ಕೂರಲ್ಲ ಕಣಮ್ಮ. ಆಮೇಲೆ ಸಮುದ್ರಕ್ಕೆ ಸಬೂಬು ಹೇಳೋಕಾಗತ್ತಾ?” ಎನ್ನುತ್ತಾರೆ, ಪೇಪರಿಗೆ ಬರೆಯಲು ಬಂದ ನನಗೆ.

ಒಡ್ಡಿನ ಈಚೆ ಮೇಲೂರು: ಚರ್ಚು, ದೊಡ್ಡ ರೈತರ ಮನೆಗಳು. ಆಚೆ ತಗ್ಗು: ಸಮುದ್ರವನ್ನು ಹಿಂದಕ್ಕೆ ತಳ್ಳಿ ಪಡೆದ ನೆಲ, ಅದರ ಮೇಲೆ ಕೂಲಿಯವರ ಸಾಲುಮನೆಗಳು, ಅದರಾಚೆ ಸಮುದ್ರ ತಡೆಯುವ ಹೊರ ಒಡ್ಡು. ನಕ್ಷೆಯಲ್ಲಿ ಎರಡಕ್ಕೂ ಒಂದೇ ಹೆಸರು. 1953ರ ಪ್ರವಾಹದಲ್ಲಿ ಹೊರ ಒಡ್ಡು ಒಡೆದಾಗ ದಿಡ್ಡಿ ಮುಚ್ಚಿದವರು ಯಿಕ್ಕೆಮಿನಾರ ಅಪ್ಪ ಕ್ರೈನ್. ಮೇಲೂರು ಉಳಿಯಿತು. ತಗ್ಗಿನಲ್ಲಿ ಮನೆಮನೆಯಲ್ಲೂ ಸಾವು.

“‘ತಗ್ಗಿನವರೆಲ್ಲ ದಾಟಿ ಬಂದಾಯ್ತು, ಹಲಗೆ ಹಾಕು’ ಅಂತ ಯಾರೋ ದೊಡ್ಡವರು ಅಂದ್ರಂತೆ. ಅಪ್ಪ ಹೋಗಿ ನೋಡ್ಲಿಲ್ಲ. ಕೊನೇ ಹಲಗೆ ಇಳಿಸಿದ ಮೇಲೆ ಆ ಕಡೆಯಿಂದ ಕೂಗು ಕೇಳಿಸ್ತು. ಅಷ್ಟೊತ್ತಿಗೆ ನೀರು ಒತ್ಕೊಂಡಿತ್ತು. ಎಷ್ಟು ಎಳೆದ್ರೂ ಹಲಗೆ ಅಲ್ಲಾಡ್ಲಿಲ್ಲ.” ಯಿಕ್ಕೆಮಿನಾ ಕೈ ಒರೆಸಿಕೊಳ್ಳುತ್ತಾರೆ. “ಅಪ್ಪ ಸಾಯೋವರ್ಗೂ ಚರ್ಚಲ್ಲಿ ಕಡೇ ಬೆಂಚಲ್ಲೇ ಕೂರೋರು.”

ಮೇಲೂರಿನ ನಮಗೆಲ್ಲ ಇದು ಗೊತ್ತು. ಯಾರೂ ಬಾಯಿ ಬಿಡುವುದಿಲ್ಲ. ಚರ್ಚಿನ ಮುಂದಿನ ಕಲ್ಲಿನಲ್ಲಿ ‘ಸಮುದ್ರ ಕೊಂಡೊಯ್ದವರು’ ಎಂದು ಕೆತ್ತಿಸಿ, ಎಲ್ಲವನ್ನೂ ಸಮುದ್ರದ ತಲೆಗೆ ಕಟ್ಟಿದ್ದೇವೆ.

ಅಪ್ಪನ ನಂತರ ಈ ಕೆಲಸಕ್ಕೆ ಯಾರೂ ಮುಂದೆ ಬರಲಿಲ್ಲ. ಯಿಕ್ಕೆಮಿನಾ ಬಂದರು. “ತಗ್ಗಿನವರ ಮುಖ ನೋಡೋಕೆ ನಾಚಿಕೆ. ಬಿಟ್ಟು ಹೋಗೋಕೆ ಇನ್ನೂ ನಾಚಿಕೆ.” ಬೇಸಿಗೆಯಲ್ಲಿ ಹಲಗೆಗೆ ಎಣ್ಣೆ ಬಳಿಯುತ್ತಾರೆ, ಹುಳು ಹಿಡಿದದ್ದನ್ನು ಬದಲಿಸುತ್ತಾರೆ. ಹೊಟ್ಟೆಪಾಡಿಗೆ ಈರುಳ್ಳಿ ಮಂಡಿಯಲ್ಲಿ ಆರಿಸುವ ಕೆಲಸ.

ಕಳೆದ ಶರತ್ಕಾಲದ ಬಿರುಗಾಳಿಯ ಸಂಜೆ, ದಿಡ್ಡಿ ಮುಚ್ಚಲು ಆಜ್ಞೆ ಬಂತು. ಯಿಕ್ಕೆಮಿನಾ ಹಲಗೆ ಮುಟ್ಟಲಿಲ್ಲ. ಸೈಕಲ್ ಹತ್ತಿ ತಗ್ಗಿಗೆ ಇಳಿದರು. ಒಡ್ಡುಗಳ ಮೇಲ್ವಿಚಾರಕ ಮರೀನುಸ್ ಫೋನಿನಲ್ಲೇ ರೇಗಿದರು: “ಎಲ್ರಿಗೂ ಮೆಸೇಜ್ ಹೋಗಿದೆ! ಊರು ಮುಳುಗಿಸ್ತೀರಾ?”

“ಮೆಸೇಜ್ ಹೋಗಿರಬಹುದು. ಜನ ಬಂದ್ರಾ ಅಂತ ನೋಡಿ ಬರ್ತೀನಿ.”

ಒಂದೊಂದೇ ಬಾಗಿಲು ತಟ್ಟಿದರು; ಮನೆಗಳು ಆಗಲೇ ಖಾಲಿಯಾಗಿದ್ದವು. ಕೊನೆಯ ಮನೆಯಲ್ಲಿ ಪಿಟರ್ನೆಲ್ಲಾ ಅಜ್ಜಿ ಕೋಟು ತೊಟ್ಟು ಕುರ್ಚಿಯಲ್ಲಿ ಕೂತಿದ್ದರು. ಅವರ ತಮ್ಮ 1953ರ ಪ್ರವಾಹದಲ್ಲಿ ಹೋದವನು.

“ಕ್ರೈನನ ಮಗಳಲ್ವೇನೇ?”

“ಹೌದಮ್ಮ.” ಯಿಕ್ಕೆಮಿನಾ ತಲೆ ಎತ್ತಲಿಲ್ಲ.

“ಬಾಗಿಲು ತಟ್ಟೋಕೆ ನಿಮ್ಮನೆಯವರು ಇಷ್ಟು ವರ್ಷ ತಗೊಂಡ್ರಿ. ಹಿಡ್ಕೋ ಕೈ.”

ಇಬ್ಬರೂ ಗಾಳಿಗೆ ತೂರಾಡುತ್ತ ದಿಡ್ಡಿ ದಾಟಿದರು. ಯಿಕ್ಕೆಮಿನಾ ದಿಡ್ಡಿಯಲ್ಲಿ ಕಾಯುತ್ತಿದ್ದ ಕೆಲಸಗಾರರೊಡನೆ ಹಲಗೆ ಇಳಿಸುವವರೆಗೂ ಅಜ್ಜಿ ಅಲ್ಲೇ ನಿಂತಿದ್ದರು. ಆ ಸಲ ಹೊರ ಒಡ್ಡು ಒಡೆಯಲಿಲ್ಲ. ಯಿಕ್ಕೆಮಿನಾಗೆ ಮಾತ್ರ ತಡಮಾಡಿದ್ದಕ್ಕೆ ಛೀಮಾರಿ ಬಿತ್ತು.

“ಅಜ್ಜಿ ಕ್ಷಮಿಸಿದರೇ?” ಎಂದು ಕೇಳುತ್ತೇನೆ.

“ನಾನು ಕೇಳ್ಲಿಲ್ಲ. ಕೇಳೋದು ಅವರ ಮೇಲೆ ಇನ್ನೊಂದು ಭಾರ ಹೊರಿಸಿದಂಗೆ.” ಹಾರೆ ಎತ್ತಿಕೊಂಡು ಆಚೆ ಗೋಡೆಗೆ ಹೋಗುತ್ತ ಹಿಂದಿರುಗಿ ನೋಡುತ್ತಾರೆ. “ಪೇಪರಲ್ಲಿ ನನ್ನ ಫೋಟೋ ಬೇಡ. ಆ ಪ್ರವಾಹದಲ್ಲಿ ಹಲಗೆ ಹಾಕಿದ್ದು ನಮ್ಮಪ್ಪ ಅಂತ ಬರೀರಿ. ಹೆಸರು ಹಾಕೇ ಬರೀರಿ.”